ಜೀರಿಗೆ ಡಬ್ಬಿಯ ಚೀಟಿ

ಚೀಟಿಯಪ್ಪನವರಿಗೆ ಆ ಹೆಸರನ್ನು ಮೊದಲು ಇಟ್ಟವರು ಯಾರು ಎಂಬುದಕ್ಕೆ ದಾಖಲೆ ಇಲ್ಲ. ಅವರ ಬದುಕಿನಲ್ಲಿ ದಾಖಲೆ ಇಲ್ಲದ ಸಂಗತಿ ಬಹುಶಃ ಅದೊಂದೇ. ಇಪ್ಪತ್ತೆರಡು ವರ್ಷಗಳಿಂದ ಅವರು ಒಂದು ದೊಡ್ಡ ಕಚೇರಿಯ ನೆಲಮಾಳಿಗೆಯಲ್ಲಿ ಹಳೆಯ ಕಡತಗಳನ್ನು ಕಾಯುತ್ತಿದ್ದರು. ಮೇಲಿನಿಂದ ಕಡತ ಇಳಿದು ಬಂದರೆ ಧೂಳು ಒರೆಸಿ, ದಾರ ಕಟ್ಟಿ, ಬೆನ್ನಿಗೊಂದು ಚೀಟಿ ಅಂಟಿಸಿ, ಒಳಗೇನಿದೆ ಎಂದು ಗುಂಡು ಗುಂಡಾದ ಅಕ್ಷರದಲ್ಲಿ ಬರೆದು ಕಪಾಟಿಗೆ ಸೇರಿಸುವುದು ಅವರ ಕೆಲಸ. ಹೊರಗೆ ಬರೆದದ್ದು ಒಳಗಿರಬೇಕು, ಒಳಗಿರುವುದನ್ನು ಹೊರಗೆ ಬರೆದಿರಬೇಕು. ಲೋಕ ನಡೆಯುತ್ತಿರುವುದೇ ಇದರ ಮೇಲೆ ಎಂದು ಅವರು ನಂಬಿದ್ದರು. ಈ ವಿಷಯವನ್ನು ಲೋಕಕ್ಕೆ ಇನ್ನೂ ಯಾರೂ ತಿಳಿಸಿರಲಿಲ್ಲ.

ಮದುವೆಯಾದ ವರ್ಷ ಬೇರೆ ಗಂಡಂದಿರು ಹೆಂಡತಿಗೆ ಏನೇನೋ ತಂದುಕೊಟ್ಟರೆ, ಚೀಟಿಯಪ್ಪನವರು ಇಪ್ಪತ್ನಾಲ್ಕು ತಗಡಿನ ಡಬ್ಬಿ ತಂದು ಒಂದೊಂದಕ್ಕೂ ಚೀಟಿ ಅಂಟಿಸಿ ಕೊಟ್ಟಿದ್ದರು. ಸಕ್ಕರೆ, ಉಪ್ಪು, ಚಹಾ ಪುಡಿ, ಮೆಣಸು, ಜೀರಿಗೆ, ಹೀಗೆ. ಹೆಂಡತಿ ನಕ್ಕು, ಅಡುಗೆಮನೆಯ ಮೂರು ಹಲಗೆಗಳ ಮೇಲೆ ಎಲ್ಲವನ್ನೂ ಸಾಲಾಗಿ ಜೋಡಿಸಿದ್ದಳು. ಮೊದಲ ತಿಂಗಳು ಚೀಟಿಯಪ್ಪನವರು ಆ ಕಡೆ ಸ್ವಲ್ಪ ಜಾಸ್ತಿಯೇ ಓಡಾಡಿದರು. ಆಮೇಲೆ, "ಅಡುಗೆಮನೆ ನಂದು, ದಫ್ತರ ನಿಮ್ದು, ಒಬ್ಬರದ್ದಕ್ಕೆ ಇನ್ನೊಬ್ಬರು ಕೈ ಹಾಕೋದು ಬೇಡ" ಎಂದು ಆಕೆ ಹೇಳಿದ ಮೇಲೆ, ಹೊಸ್ತಿಲಲ್ಲಿ ನಿಂತು ಆ ಚೀಟಿಗಳ ಸಾಲು ನೋಡಿ ಸಂತೋಷಪಡುತ್ತಿದ್ದರೇ ಹೊರತು ಒಂದು ಡಬ್ಬಿಯ ಮುಚ್ಚಳವನ್ನೂ ತೆಗೆದವರಲ್ಲ. ತೆಗೆದಿದ್ದರೆ ಮುಂದಿನದು ಯಾವುದೂ ಆಗುತ್ತಿರಲಿಲ್ಲ.

ಇಂಥ ಮನುಷ್ಯನ ತಲೆಯ ಮೇಲೆ ಈಗ ಒಂದು ವರ್ಗಾವಣೆ ತೂಗುತ್ತಿತ್ತು. ಗಡಿಯ ಹತ್ತಿರ, ವಾರಕ್ಕೆ ಎರಡೇ ಬಸ್ಸು ಹೋಗುವ ಜಾಗದಲ್ಲಿ ಹೊಸ ಕಚೇರಿ ತೆರೆದಿದ್ದರು. ಇಲ್ಲಿಂದ ಒಬ್ಬರು ಅಲ್ಲಿಗೆ ಹೋಗಬೇಕು. ನೆಲಮಾಳಿಗೆಯಲ್ಲಿ ಕೂತವನು ಇದ್ದರೂ ಒಂದೇ, ಹೋದರೂ ಒಂದೇ ಎಂದು ಲೆಕ್ಕ ಹಾಕಿದ ಹೆಡ್ ಕ್ಲರ್ಕು ಚೀಟಿಯಪ್ಪನವರ ಹೆಸರು ಬರೆದು ಕಡತ ಸಿದ್ಧ ಮಾಡಿದ್ದ. ಎರಡು ಬೀದಿ ಆಚೆ ಮಗಳ ಮನೆ. ಅವಳಿಗೆ ಎಂಟು ತಿಂಗಳು ತುಂಬಿತ್ತು.

"ಹೆರಿಗೆ ಆದ್ಮೇಲೆ ಅವಳಿಗೆ ಜೀರಿಗೆ ನೀರು ಕಾಯಿಸಿ ಕೊಡೋರು ಯಾರು ರೀ? ಗಡಿಯಿಂದ ಬಸ್ಸಲ್ಲಿ ಕಳಿಸ್ಲಾ?" ಎಂದು ಹೆಂಡತಿ ಒಮ್ಮೆ ಕೇಳಿದ್ದಳು. ಆಮೇಲೆ ಆ ಮಾತು ಎತ್ತಲಿಲ್ಲ, ಆದರೆ ಆ ದಿನದಿಂದ ಆಕೆ ಹಾಡಿಕೊಂಡು ಪಾತ್ರೆ ತೊಳೆಯುವುದನ್ನು ನಿಲ್ಲಿಸಿದ್ದಳು. ಬರುವ ಮೊಮ್ಮಗುವಿನ ತೊಟ್ಟಿಲಿಗೆ ಚೀಟಿಯಪ್ಪನವರು ಆಗಲೇ ಒಂದು ಚೀಟಿ ಕತ್ತರಿಸಿ ಇಟ್ಟಿದ್ದರು, ಹೆಸರಿನ ಜಾಗ ಖಾಲಿ ಬಿಟ್ಟು.

ಶುಕ್ರವಾರ ಮಧ್ಯಾಹ್ನ ಊಟದ ಹೊತ್ತು ಮುಗಿದಿತ್ತು. ಕಚೇರಿಯ ಸಾಹೇಬರು ಒಂದು ಹಳೆಯ ಕಡತ ಕೇಳಿದ್ದರಿಂದ ಚೀಟಿಯಪ್ಪನವರು ಅದನ್ನು ಹೊತ್ತು ಮೂರನೇ ಮಹಡಿಗೆ ಹತ್ತಿದರು. ನೋಡಿದರೆ ಸಾಹೇಬರು ಕುರ್ಚಿಯಲ್ಲಿ ಅಡ್ಡಡ್ಡ ಕೂತು, ಹೊಟ್ಟೆ ಹಿಡಿದುಕೊಂಡು, ಬಾರದ ತೇಗಿಗಾಗಿ ಕಾಯುತ್ತಿದ್ದರು. ಮೇಜಿನ ಮೇಲೆ ವರ್ಗಾವಣೆಯ ಕಡತ ತೆರೆದೇ ಇತ್ತು.

"ಏನ್ರೀ, ಹೊಟ್ಟೆ ಒಳ್ಳೆ ಫುಟ್ಬಾಲ್ ಆಗಿದೆ," ಎಂದರು ಸಾಹೇಬರು.

ಚೀಟಿಯಪ್ಪನವರ ಹೆಗಲಲ್ಲಿ ಫ್ಲಾಸ್ಕು ಇತ್ತು. ಹೆಂಡತಿ ದಿನವೂ ಅದರಲ್ಲಿ ಬೆಚ್ಚಗಿನ ಜೀರಿಗೆ ನೀರು ತುಂಬಿ ಕಳಿಸುತ್ತಿದ್ದಳು. ಹಿಂದುಮುಂದು ನೋಡದೆ ಒಂದು ಲೋಟ ಬಗ್ಗಿಸಿ ಕೊಟ್ಟರು. ಸಾಹೇಬರು ಕುಡಿದರು. ಹತ್ತು ನಿಮಿಷ ಏನೂ ಆಗಲಿಲ್ಲ. ಆಮೇಲೆ ಬಂತು ನೋಡಿ ಒಂದು ತೇಗು. ಪಕ್ಕದ ಕೋಣೆಯ ಟೈಪಿಸ್ಟು ಕೆಲಸ ನಿಲ್ಲಿಸಿದಳು. ಕೆಳಗಿನ ಮಹಡಿಯಲ್ಲಿ ಯಾರೋ ಕಿಟಕಿ ಮುಚ್ಚಿದರು.

"ಅಬ್ಬಾ," ಎಂದು ಸಾಹೇಬರು ಕಣ್ಣು ಮುಚ್ಚಿದರು. "ಹೋದ ಜೀವ ಬಂತು. ಯಾರ್ರೀ ಮಾಡಿದ್ದು ಇದು?"

ಇಲ್ಲಿ "ನನ್ನ ಹೆಂಡತಿ" ಎಂದು ಎರಡೇ ಎರಡು ಪದ ಹೇಳಿದ್ದರೆ ಸಾಕಾಗಿತ್ತು. ಆದರೆ ಇಪ್ಪತ್ತೆರಡು ವರ್ಷದಲ್ಲಿ ಆ ಕಚೇರಿಯಲ್ಲಿ ಯಾರೂ ಚೀಟಿಯಪ್ಪನವರತ್ತ ಅಷ್ಟು ಪ್ರೀತಿಯಿಂದ ನೋಡಿರಲಿಲ್ಲ.

"ನಾನೇ ಸಾರ್," ಎಂದುಬಿಟ್ಟರು. ಅಷ್ಟಕ್ಕೇ ನಿಲ್ಲದೆ, "ಜೀರಿಗೆ ವಿಷಯದಲ್ಲಿ ನಂದು ಸ್ವಲ್ಪ ಅಭ್ಯಾಸ ಇದೆ," ಎಂದೂ ಸೇರಿಸಿದರು.

ಸಾಹೇಬರು ವರ್ಗಾವಣೆಯ ಕಡತವನ್ನು ಮುಚ್ಚಿ ಪಕ್ಕಕ್ಕಿಟ್ಟರು. "ಮಂಗಳವಾರ ದೊಡ್ಡ ಮೇಡಂ ತಪಾಸಣೆಗೆ ಬರ್ತಿದ್ದಾರೆ. ವರ್ಗಾವಣೆಗೆ ಸಹಿ ಹಾಕೋರು ಅವರೇ. ಅವರಿಗೂ ಇದೇ ತೊಂದರೆ, ಊಟ ಆದ್ಮೇಲೆ ಯಾರ ಮೇಲಾದ್ರೂ ರೇಗ್ತಾರೆ. ನೀವು ಈ ನೀರು ಮಾಡ್ಕೊಂಡು ಬನ್ನಿ. ಜೀರಿಗೆ ಬಗ್ಗೆ ನಾಲ್ಕು ಮಾತೂ ಆಡಿ. ಅವರು ಖುಷಿಯಾದ್ರೆ ನಿಮ್ಮ ವಿಷಯ ನಾನು ಹೇಳ್ತೀನಿ."

ಸಂಜೆ ಮನೆಗೆ ಬಂದವರೇ ನಡೆದದ್ದನ್ನು ಹೆಂಡತಿಗೆ ವಿವರಿಸಿದರು.

"ಯಾರು ಮಾಡಿದ್ದು ಅಂದ್ರಿ?" ಎಂದು ಆಕೆ ಕೇಳಿದಳು.

"ಮನೇಲಿ ಮಾಡಿದ್ದು ಅಂದೆ," ಎಂದು ಚೀಟಿಯಪ್ಪನವರು ಗೋಡೆಯ ಕಡೆ ನೋಡಿದರು.

ಆದರೆ ಸುದ್ದಿ ಅವರಿಗಿಂತ ಮೊದಲೇ ಬೀದಿಗೆ ಬಂದಿತ್ತು. ಶನಿವಾರ ಬೆಳಗ್ಗೆ ಎದುರು ಮನೆಯ ನಿವೃತ್ತ ಮೇಷ್ಟ್ರು ಬಂದು, "ಪಂಡಿತರು ಇದ್ದಾರಾ?" ಎಂದು ಬಾಗಿಲಲ್ಲೇ ಕೇಳಿದರು. ಹಿಂದೆಯೇ ಕೆಳಗಿನ ಅಂಗಡಿಯ ದರ್ಜಿ ಕುತ್ತಿಗೆಗೆ ಟೇಪು ಹಾಕಿಕೊಂಡು ಬಂದ.

"ನನಗೆ ರಾತ್ರಿ ಊಟ ಎದೆಗೇ ನಿಲ್ಲುತ್ತೆ," ಎಂದರು ಮೇಷ್ಟ್ರು.

"ಜೀರಿಗೆ," ಎಂದರು ಚೀಟಿಯಪ್ಪನವರು.

"ನನಗೆ ಮಂಡಿ ನೋವು," ಎಂದ ದರ್ಜಿ.

"ಜೀರಿಗೆ."

"ಎಷ್ಟು ನೀರಿಗೆ ಎಷ್ಟು ಜೀರಿಗೆ?"

"ಅದು ಪ್ರಕರಣದಿಂದ ಪ್ರಕರಣಕ್ಕೆ ಬೇರೆ," ಎಂದು ಚೀಟಿಯಪ್ಪನವರು ಗಂಭೀರವಾಗಿ ಹೇಳಿದರು.

ಒಳಗೆ ಹೆಂಡತಿ ಚೀಲ ತುಂಬಿಕೊಳ್ಳುತ್ತಿದ್ದವಳು ಎಲ್ಲವನ್ನೂ ಕೇಳಿಸಿಕೊಂಡಳು. ಆಕೆ ಅಕ್ಕನ ಮನೆಗೆ ಹೊರಟಿದ್ದಳು, ಹುಟ್ಟುವ ಮಗುವಿಗೆ ಹಳೆಯ ಮೆತ್ತನೆಯ ಬಟ್ಟೆ ತರುವುದಕ್ಕೆ. ಸೋಮವಾರ ಬೆಳಗ್ಗೆ ವಾಪಸ್ಸು. ಮಂಗಳವಾರದ ನೀರಿಗೆ ಅಷ್ಟರಲ್ಲಿ ಬೇಕಾದಷ್ಟು ಹೊತ್ತಿತ್ತು.

"ಬರ್ತೀನಿ ಪಂಡಿತರೇ," ಎಂದಳು, ಚಪ್ಪಲಿ ಮೆಟ್ಟುತ್ತ. "ಚಹಾ ಮಾಡ್ಕೊಳ್ಳೋದಾದ್ರೆ ಸಕ್ಕರೆ ಎಲ್ಲಿದೆ ಅಂದ್ರೆ…"

"ಸಕ್ಕರೆ ಡಬ್ಬೀಲಿ. ಚೀಟಿ ಅಂಟಿಸಿದೋನೇ ನಾನು, ನನಗೇ ಹೇಳ್ಕೊಡ್ತೀಯಾ?"

ಆಕೆ ನಕ್ಕಳು. "ಸರಿ ಹಾಗಿದ್ರೆ. ಚಹಾ ಮೇಷ್ಟ್ರ ಮನೇಲೇ ಕುಡೀರಿ," ಎಂದು ಬಸ್ಸಿಗೆ ಹೋದಳು.

ಭಾನುವಾರ ಬೆಳಗ್ಗೆ ಚೀಟಿಯಪ್ಪನವರು ಹಟಕ್ಕೆ ಚಹಾ ಮಾಡಿದರು. ಸಕ್ಕರೆ ಎಂದು ಬರೆದ ಡಬ್ಬಿಯಲ್ಲಿ ಅಕ್ಕಿ ಇತ್ತು. ಇಪ್ಪತ್ನಾಲ್ಕರಲ್ಲಿ ಒಂದು ತಪ್ಪುವುದು ಯಾವ ದಫ್ತರದಲ್ಲೂ ಆಗುವಂಥದ್ದೇ ಎಂದು ಉದಾರವಾಗಿ ಕ್ಷಮಿಸಿ, "ಸರಿಪಡಿಸತಕ್ಕದ್ದು" ಎಂದು ಒಂದು ತುಂಡು ಕಾಗದ ಬರೆದು ಡಬ್ಬಿಯ ಕೆಳಗಿಟ್ಟು, ಸಪ್ಪೆ ಚಹಾ ಕುಡಿದರು.

ಮಧ್ಯಾಹ್ನ ಕಚೇರಿಯ ಜವಾನ ಸೈಕಲ್ಲಿನಲ್ಲಿ ಬೆವರುತ್ತ ಬಂದ. "ದೊಡ್ಡ ಮೇಡಂ ಮಂಗಳವಾರ ಅಲ್ಲ, ನಾಳೇನೇ ಬರ್ತಾರಂತೆ. ಹತ್ತು ಗಂಟೆಗೆ. ನೀರು ತರಬೇಕಂತೆ."

ಅಷ್ಟರೊಳಗೆ ಹೆಂಡತಿಯ ಬಸ್ಸು ಬರುತ್ತದೆ ಎಂಬ ಭರವಸೆ ಚೀಟಿಯಪ್ಪನವರಿಗೆ ಇರಲಿಲ್ಲ. ಜವಾನನ ಮುಂದೆ ಮಾತ್ರ, "ಆಯ್ತು, ತರ್ತೀನಿ ಅಂತ ಹೇಳು," ಎಂದು ಕೈ ಬೀಸಿದರು. ಅವನು ತಿರುವಿನಲ್ಲಿ ಮರೆಯಾದ ಕೂಡಲೇ ಮೇಷ್ಟ್ರನ್ನೂ ದರ್ಜಿಯನ್ನೂ ಕರೆತಂದರು, ಸಹಾಯಕ್ಕಲ್ಲ, ಸಾಕ್ಷಿಗೆ ಎಂದು ಹೇಳಿ.

ಜೀರಿಗೆ ಎಂಬ ಚೀಟಿಯ ಡಬ್ಬಿ ಎರಡನೇ ಹಲಗೆಯ ಮೇಲಿತ್ತು. ತೆರೆದರೆ ಒಳಗೆ ಕಂದು ಬಣ್ಣದ ಸಣ್ಣ ಸಣ್ಣ ಬೀಜ. ಮೇಷ್ಟ್ರು ಕನ್ನಡಕ ಏರಿಸಿ ಮೂಗು ಹತ್ತಿರ ತಂದರು.

"ಜೀರಿಗೆ ವಾಸನೆ ಬರ್ತಾ ಇಲ್ವಲ್ಲ."

"ಜೀರಿಗೆ ಇಷ್ಟು ಚಿಕ್ಕದಿರಲ್ಲ ಸಾರ್," ಎಂದ ದರ್ಜಿ. "ಇದಕ್ಕೆ ಮೈಯೆಲ್ಲ ಕೂದಲಿದೆ ನೋಡಿ. ಆ ಜಾಮ್ ಬಾಟಲಿ ನೋಡಿ, ಅದರಲ್ಲಿರೋದು ಜೀರಿಗೆ ಥರಾನೇ ಇದೆ. ಘಮ ಅಂತಿದೆ."

ಒಲೆಯ ಪಕ್ಕದಲ್ಲಿ ಕೈಗೆ ಸಿಗುವಂತೆ ಒಂದು ಜಾಮ್ ಬಾಟಲಿ ನಿಜಕ್ಕೂ ಇತ್ತು. ಚೀಟಿಯಪ್ಪನವರು ಅದನ್ನು ತಿರುಗಿಸಿ, ಬುಡ ನೋಡಿ, ದೂರ ಸರಿಸಿದರು.

"ಇದಕ್ಕೆ ಚೀಟಿ ಇಲ್ಲ. ಚೀಟಿ ಇಲ್ಲದ್ದನ್ನ ನಾನು ಮುಟ್ಟಲ್ಲ."

"ಮೂಸಿ ನೋಡಿ ಒಂದ್ಸಲ," ಎಂದರು ಮೇಷ್ಟ್ರು.

"ದಫ್ತರದಲ್ಲಿ ಮೂಸಿ ನೋಡೋ ಪದ್ಧತಿ ಇಲ್ಲ ಮೇಷ್ಟ್ರೇ. ಓದಿ ನೋಡೋ ಪದ್ಧತಿ. ಇಲ್ಲಿ ಏನು ಬರೆದಿದೆ, ಓದಿ."

ಮೇಷ್ಟ್ರು ಓದಿದರು. ನಲವತ್ತು ವರ್ಷ ಮಕ್ಕಳಿಗೆ ಓದು ಕಲಿಸಿದವರು ಅಕ್ಷರದ ಮುಂದೆ ಸೋತರು. "ಜೀರಿಗೆ ಅಂತಲೇ ಇದೆ," ಎಂದು ಒಪ್ಪಿಕೊಂಡರು. ದರ್ಜಿ, ಇಬ್ಬರು ಓದಿದವರ ನಡುವೆ ತನಗೇಕೆ ಎಂದು ಬಾಟಲಿಯನ್ನು ಮತ್ತೆ ಒಲೆಯ ಪಕ್ಕಕ್ಕೆ ಸರಿಸಿದ.

ನೀರು ಎಷ್ಟು, ಬೀಜ ಎಷ್ಟು ಎಂಬುದು ಮೂವರಿಗೂ ಗೊತ್ತಿರಲಿಲ್ಲ. ಮೇಡಂ ದೊಡ್ಡವರಾದ್ದರಿಂದ ಒಂದು ಮುಷ್ಟಿ ಜಾಸ್ತಿ ಹಾಕಿದರು.

ಸೋಮವಾರ ಹತ್ತು ಗಂಟೆಗೆ ಮೂರನೇ ಮಹಡಿಯಲ್ಲಿ ಎಲ್ಲರೂ ಸೇರಿದ್ದರು. ಮೇಜಿನ ತುದಿಯಲ್ಲಿ ದೊಡ್ಡ ಮೇಡಂ, ತೆಳ್ಳಗೆ, ಬಿಳಿ ಕೂದಲು, ಹಿಂದಿನ ರಾತ್ರಿಯ ಊಟ ಇನ್ನೂ ಒಪ್ಪದ ಮುಖ. ಪಕ್ಕದಲ್ಲಿ ಸಾಹೇಬರು. ಬಾಗಿಲ ಬಳಿ ಹೆಡ್ ಕ್ಲರ್ಕು, ಕಂಕುಳಲ್ಲಿ ವರ್ಗಾವಣೆಯ ಕಡತ. ಚೀಟಿಯಪ್ಪನವರು ಮೇಜಿನ ಮೇಲೆ ಫ್ಲಾಸ್ಕನ್ನೂ, ಪ್ರದರ್ಶನಕ್ಕೆಂದು ಜೀರಿಗೆ ಡಬ್ಬಿಯನ್ನೂ ಇಟ್ಟು, ಜೇಬಿನಿಂದ ಚೀಟಿಗಳ ಕಂತೆ ತೆಗೆದು ಓದತೊಡಗಿದರು.

"ಜೀರಿಗೆ ಒಂದು ಬೀಜ. ಬಣ್ಣ ಕಂದು. ಇದನ್ನು ಬಿಸಿ ಎಣ್ಣೆಗೆ ಹಾಕಿದರೆ ಸಿಡಿಯುತ್ತದೆ, ಹಾಕದಿದ್ದರೆ ಸಿಡಿಯುವುದಿಲ್ಲ. ಹಿರಿಯರು ಇದನ್ನು ಹೊಟ್ಟೆಯ ಉಬ್ಬರಕ್ಕೂ, ಹಸಿವೆ ಆಗದಿದ್ದರೂ, ಬಾಣಂತಿಯರಿಗೂ ಕೊಡುತ್ತಿದ್ದರು. ಪುಡಿ ಮಾಡಿ ಮೊಸರಿಗೆ ಹಾಕಬಹುದು. ಬೇಳೆಗೂ ಆಲೂಗಡ್ಡೆಗೂ ಹಾಕಬಹುದು. ಸಂಗ್ರಹಿಸುವಾಗ ಡಬ್ಬಿಗೆ ಚೀಟಿ ಅಂಟಿಸತಕ್ಕದ್ದು."

ಅಷ್ಟರಲ್ಲಿ ಲೋಟಗಳು ಹಂಚಿಕೆಯಾಗಿದ್ದವು. ಹೆಡ್ ಕ್ಲರ್ಕು ಎಲ್ಲರಿಗಿಂತ ಮೊದಲು ಒಂದೇ ಗುಟುಕಿಗೆ ಕುಡಿದು, ಕಣ್ಣಲ್ಲಿ ನೀರು ತುಂಬಿಕೊಂಡು, "ಅಮೃತ ಮೇಡಂ, ಅಮೃತ," ಎಂದ. ಸಾಹೇಬರು ಒಂದು ಗುಟುಕು ನುಂಗಿ ಮುಖ ಹುಳ್ಳಗೆ ಮಾಡಿಕೊಂಡರೂ, "ಹೊಟ್ಟೆ ಈಗ್ಲೇ ಹಗುರಾಯ್ತು," ಎಂದರು.

ದೊಡ್ಡ ಮೇಡಂ ಕುಡಿದರು. ಲೋಟ ಕೆಳಗಿಟ್ಟರು.

"ಪೆನ್ಸಿಲ್ ಕೆತ್ತಿ ನೆನೆಹಾಕಿದ ಹಾಗಿದೆ," ಎಂದರು. "ಆ ಡಬ್ಬಿ ಕೊಡಿ ಇಲ್ಲಿ."

ತೆರೆದು, ನಾಲ್ಕು ಬೀಜ ಅಂಗೈ ಮೇಲೆ ಹಾಕಿಕೊಂಡು, ಬೆರಳಿಂದ ಉಜ್ಜಿದರು. "ಮನೆ ಹಿತ್ತಲಲ್ಲಿ ಪ್ರತಿ ವರ್ಷ ನಾನೇ ಇದನ್ನ ಬಿತ್ತೀನಿ. ಇದು ಕ್ಯಾರೆಟ್ ಬೀಜ."

ಹೆಡ್ ಕ್ಲರ್ಕು ತನ್ನ ಖಾಲಿ ಲೋಟವನ್ನು ಬೆನ್ನ ಹಿಂದೆ ಸರಿಸಿದ.

"ಚೀಟಿ ನೋಡಿ ಮೇಡಂ," ಎಂದರು ಚೀಟಿಯಪ್ಪನವರು. "ಜೀರಿಗೆ ಅಂತ ಬರೆದಿದೆ."

"ಬರೆದೋರು ಯಾರು?"

"ನಾನೇ."

"ದಫ್ತರ ನೋಡ್ಕೊಳ್ಳೋರು?"

"ಅದೂ ನಾನೇ."

"ಮನೆ ಡಬ್ಬಿ ಹೀಗಿದ್ರೆ ನಿಮ್ಮ ದಫ್ತರದ ಕಡತಗಳ ಗತಿ ಏನು?"

ಹೆಡ್ ಕ್ಲರ್ಕು ಇದೇ ಹೊತ್ತೆಂದು ಮುಂದೆ ಬಂದು, "ಇವರ ಹೆಸರು ಗಡಿಗೆ ಬರೆದಿದ್ದು ಸುಮ್ನೆ ಅಲ್ಲ ಮೇಡಂ," ಎಂದು ಕಡತ ಬಿಚ್ಚಿದ. ಚೀಟಿಯಪ್ಪನವರಿಗೆ ಮಗಳ ಮುಖ ಕಣ್ಣಿಗೆ ಬಂತು. ಅದಕ್ಕಿಂತ ಮೊದಲು, ನಾಚಿಕೆಗೇಡಿನ ಮಾತಾದರೂ ಹೇಳಬೇಕು, ಕಡತಗಳ ಬಗ್ಗೆ ಮೇಡಂ ಅಂದ ಮಾತು ಚುಚ್ಚಿತು. ಇಪ್ಪತ್ತೆರಡು ವರ್ಷದಲ್ಲಿ ಮೊದಲ ಸಲ ಅವರು ಮೇಲಧಿಕಾರಿಯೊಬ್ಬರ ಮುಂದೆ ಬೆನ್ನು ನೆಟ್ಟಗೆ ಮಾಡಿದರು.

"ಕೆಳಗೆ ಬನ್ನಿ ಮೇಡಂ," ಎಂದರು. "ಯಾವ ಕಡತ ಬೇಕಾದ್ರೂ ಕೇಳಿ. ಆಮೇಲೆ ಸಹಿ ಹಾಕಿ."

ಇಡೀ ಮೆರವಣಿಗೆ ನೆಲಮಾಳಿಗೆಗೆ ಇಳಿಯಿತು. ಉದ್ದುದ್ದ ಕಪಾಟುಗಳು, ನಡುವೆ ಒಬ್ಬರು ಹೋಗುವಷ್ಟೇ ದಾರಿ. ಮೇಡಂ ಯೋಚಿಸಿ, "ಹದಿನಾರು ವರ್ಷದ ಹಿಂದೆ ಈ ಕಟ್ಟಡದ ಮಾಳಿಗೆ ಸೋರ್ತಿದೆ ಅಂತ ಒಂದು ದೂರು ಬಂದಿತ್ತು. ಬರೆದವಳು ನಾನೇ, ಆಗ ಇಲ್ಲೇ ಚಿಕ್ಕ ಕೆಲಸದಲ್ಲಿದ್ದೆ," ಎಂದರು.

ಚೀಟಿಯಪ್ಪನವರು ಎರಡನೇ ಸಾಲಿಗೆ ಹೋದರು, ಬಗ್ಗಿದರು, ಬಂದರು. ಒಂದು ನಿಮಿಷವೂ ಆಗಿರಲಿಲ್ಲ. ಮೇಡಂ ದಾರ ಬಿಚ್ಚಿ ತಮ್ಮದೇ ಹಳೆಯ ಕೈಬರಹ ನೋಡಿದರು. ಇನ್ನೊಂದು ಕೇಳಿದರು, ಅದೂ ಬಂತು. ಮೂರನೆಯದು ಹೇಳುವಷ್ಟರಲ್ಲಿ, ಅದು ಮೇಲಿನ ಮಹಡಿಗೆ ಹೋಗಿ ಆರು ವರ್ಷವಾಯಿತು, ಹೆಡ್ ಕ್ಲರ್ಕರು ವಾಪಸ್ಸು ಕೊಟ್ಟಿಲ್ಲ, ಇಗೋ ಅವರ ಸಹಿ ಎಂದು ಚೀಟಿ ತೋರಿಸಿದರು.

ಅದೇ ಹೊತ್ತಿಗೆ ಮೆಟ್ಟಿಲ ಮೇಲೆ ಚಪ್ಪಲಿ ಸದ್ದು. ಹೆಂಡತಿ. ಬಸ್ಸಿಳಿದು ಮನೆಗೆ ಬಂದವಳಿಗೆ ಮೇಷ್ಟ್ರು ಬೀದಿಯಲ್ಲೇ ಎಲ್ಲ ಒಪ್ಪಿಸಿದ್ದರು. ಒಂದು ಕೈಯಲ್ಲಿ ಬಟ್ಟೆಯ ಗಂಟು, ಇನ್ನೊಂದರಲ್ಲಿ ಜಾಮ್ ಬಾಟಲಿ.

"ನನ್ನ ಕ್ಯಾರೆಟ್ ಬೀಜ ಎಲ್ಲಾ ಕುದಿಸಿಬಿಟ್ರಾ ರೀ?" ಎಂದಳು. "ಕುಂಡಕ್ಕೆ ಹಾಕೋಣ ಅಂತ ಇಟ್ಟಿದ್ದೆ."

"ಜೀರಿಗೆ ಡಬ್ಬೀಲಿ ಕ್ಯಾರೆಟ್ ಬೀಜ ಯಾಕಿಟ್ಟಿದ್ರಮ್ಮ?" ಎಂದು ದೊಡ್ಡ ಮೇಡಂ ಕೇಳಿದರು.

"ಮದುವೆ ಆದ ಹೊಸದರಲ್ಲಿ ಇವರು ದಿನಾ ಸಕ್ಕರೆ ಡಬ್ಬಿಗೆ ಕೈ ಹಾಕಿ ಮುಕ್ಕೋರು. ಓದ್ಕೊಂಡು ಹುಡುಕ್ತಾರಲ್ಲ ಅಂತ ಸಕ್ಕರೇನ ಮೆಣಸಿನ ಡಬ್ಬಿಗೆ ಹಾಕಿದೆ. ಮೆಣಸಿಗೆ ಜಾಗ ಬೇಕಲ್ಲ, ಅದು ಉಪ್ಪಿನ ಡಬ್ಬಿಗೆ ಹೋಯ್ತು. ಹಾಗೇ ಒಂದರ ಹಿಂದೆ ಒಂದು. ನನಗೇನೂ ಕಷ್ಟ ಇಲ್ಲ, ಕೈಗೆ ಗೊತ್ತು."

ಚೀಟಿಯಪ್ಪನವರು ಕಪಾಟಿಗೆ ಒರಗಿಕೊಂಡರು. ಇಪ್ಪತ್ನಾಲ್ಕು ಡಬ್ಬಿ, ಇಷ್ಟು ವರ್ಷ, ಹೊಸ್ತಿಲಲ್ಲಿ ನಿಂತು ಪಟ್ಟ ಸಂತೋಷ ಎಲ್ಲವೂ ನೀರಿಗೆ ಬಿದ್ದಿತ್ತು.

"ಶುಕ್ರವಾರದ ನೀರು ನಾನು ಮಾಡಿದ್ದಲ್ಲ ಮೇಡಂ," ಎಂದರು ಮೆಲ್ಲಗೆ. "ಇವಳು ಮಾಡಿದ್ದು. ಸಾಹೇಬರು ಅಷ್ಟು ಪ್ರೀತಿಯಿಂದ ಕೇಳಿದ್ರು. ಒಂದ್ಸಲ ನಾನೂ ಶಭಾಷ್ ಅನ್ನಿಸ್ಕೊಳ್ಳೋಣ ಅನ್ನಿಸ್ತು. ತಪ್ಪಾಯ್ತು."

ಹೆಂಡತಿ ಗಂಡನ ಮುಖ ನೋಡಿದಳು. ಬಟ್ಟೆಯ ಗಂಟನ್ನು ಅವರ ಕೈಗೆ ಕೊಟ್ಟು, ಜವಾನನ ಚಹಾ ಒಲೆ ಎಲ್ಲಿದೆ ಎಂದು ಕೇಳಿದಳು.

ಒಣ ಬಾಣಲೆಯಲ್ಲಿ ಒಂದು ಚಮಚ ಜೀರಿಗೆ ಹುರಿದಳು. ಬಣ್ಣ ತಿರುಗಿ ಘಮ ಬಂದ ಕೂಡಲೇ, ಕಪ್ಪಾಗುವ ಮೊದಲೇ, ನೀರು ಹೊಯ್ದಳು. ನಾಲ್ಕು ಲೋಟ ಮೂರಾಗುವಷ್ಟು ಕುದಿಸಿ ಸೋಸಿದಳು. ಆ ಘಮಕ್ಕೆ ಮೂರು ಮಹಡಿಯ ಜನ ಮೆಟ್ಟಿಲಿಗೆ ಬಂದರು. ದೊಡ್ಡ ಮೇಡಂ ಕುಡಿದು ಸ್ವಲ್ಪ ಹೊತ್ತು ಗೋಡೆ ನೋಡುತ್ತ ಕೂತರು. ಆಮೇಲೆ ಕರವಸ್ತ್ರ ಬಾಯಿಗೆ ಅಡ್ಡ ಹಿಡಿದರು. ಅವರ ಮುಖ ಹತ್ತು ವರ್ಷ ಚಿಕ್ಕದಾಯಿತು.

"ಮಂಡಿ ನೋವಿಗೂ ಆಗುತ್ತಾ ಇದು?" ಎಂದು ಸಾಹೇಬರು ಕೇಳಿದರು.

"ಇಲ್ಲ ಸಾರ್. ಊಟ ಇಳಿಸುತ್ತೆ, ಅಷ್ಟೇ. ಮಂಡಿಗೆ ಡಾಕ್ಟ್ರ ಹತ್ರ ಹೋಗಬೇಕು."

ಮೇಡಂ ಪೆನ್ನು ತೆಗೆದು ವರ್ಗಾವಣೆಯ ಕಡತ ತರಿಸಿಕೊಂಡರು. ಹೆಸರಿನ ಮೇಲೆ ಗೆರೆ ಎಳೆದರು.

"ಇವರನ್ನ ದಫ್ತರ ಬಿಟ್ಟು ಎಲ್ಲಿಗೂ ಕಳಿಸ್ಬೇಡಿ," ಎಂದರು. "ಮುಖ್ಯವಾಗಿ ಅಡುಗೆಮನೆಗೆ." ಆಮೇಲೆ ಹೆಡ್ ಕ್ಲರ್ಕನತ್ತ ತಿರುಗಿ, "ಗಡಿಯಲ್ಲಿ ಊಟ ತಿಂಡಿ ಸರಿ ಇರಲ್ವಂತೆ. ಏನು ಕೊಟ್ರೂ ಅಮೃತ ಅಂತ ಕುಡಿಯೋರು ಹೋದ್ರೆ ಒಳ್ಳೇದು," ಎಂದು ಇನ್ನೊಂದು ಹೆಸರು ಬರೆದರು.

ಮನೆಗೆ ಹೋಗುವ ದಾರಿಯಲ್ಲಿ ಹೆಂಡತಿ ಹಾಡಿಕೊಳ್ಳುತ್ತಿದ್ದಳು. ಚೀಟಿಯಪ್ಪನವರು ಬಟ್ಟೆಯ ಗಂಟು ಹೊತ್ತು ಹಿಂದೆ ನಡೆದರು.

"ಸಕ್ಕರೆ ಈಗ ಯಾವ ಡಬ್ಬೀಲಿದೆ?" ಎಂದು ಕೇಳಿದರು.

"ಹೇಳಲ್ಲ," ಎಂದಳು.

ಮುಂದಿನ ತಿಂಗಳು ಮಗಳಿಗೆ ಹೆಣ್ಣು ಮಗು ಹುಟ್ಟಿತು. ತೊಟ್ಟಿಲ ಚೀಟಿಯ ಖಾಲಿ ಜಾಗ ತುಂಬಿತು. ಬೆಳಗಾದರೆ ಒಲೆಯ ಮೇಲೆ ಬಾಣಂತಿಗೆ ಒಂದು ಪಾತ್ರೆ ಜೀರಿಗೆ ನೀರು, ಮನೆಗೆ ಬಂದವರಿಗೆ ಒಂದು ಪಾತ್ರೆ ಚಹಾ. ಆ ಗಡಿಬಿಡಿಯಲ್ಲೇ ಹೆಂಡತಿ ಗಂಡನ ಫ್ಲಾಸ್ಕನ್ನೂ ತುಂಬಿ ಕೊಡುತ್ತಿದ್ದಳು. ಫ್ಲಾಸ್ಕಿನ ಮೇಲೆ ಈಗ ಗುಂಡು ಗುಂಡಾದ ಅಕ್ಷರದಲ್ಲಿ ಎರಡು ಸಾಲಿನ ಚೀಟಿ ಇತ್ತು. "ಜೀರಿಗೆ ನೀರು. ಮಾಡಿದವರು: ನನ್ನ ಹೆಂಡತಿ."

ಒಂದು ಮಧ್ಯಾಹ್ನ ಸಾಹೇಬರು ಆ ಚೀಟಿ ಓದಿ, ಒಂದು ಲೋಟ ಬಗ್ಗಿಸಿಕೊಂಡು ಕುಡಿದು, ಹುಬ್ಬು ಗಂಟಿಕ್ಕಿದರು.

"ಏನ್ರೀ, ಇದು ಚಹಾ."

ಚೀಟಿಯಪ್ಪನವರು ಬಗ್ಗಿ ಲೋಟ ನೋಡಿದರು. ಚೀಟಿ ನೋಡಿದರು. ಮೊದಲಾಗಿದ್ದರೆ ಬೆವರಿಳಿಯುತ್ತಿತ್ತು.

"ಹೌದು ಸಾರ್," ಎಂದರು ನೆಮ್ಮದಿಯಾಗಿ. "ಎರಡನೇ ಸಾಲು ಸರಿ ಇದೆ."